ಗೋಲ್‌ಕೀಪರ್ ಆಗಿದ್ದ ರೊಜೇರಿಯೊ ಸೆನಿ ಕೋಚ್ ಆಗಿ ಗೆದ್ದರಾ?

ಗೆದ್ದರು, ಆದರೆ ಶುರುವಿನಲ್ಲೇ ಎಡವಿದರು. ಬ್ರೆಜಿಲ್‌ನ ಸಾವೊ ಪಾಲೊ ಫುಟ್‌ಬಾಲ್ ಕ್ಲಬ್‌ನಲ್ಲಿ 2015ರವರೆಗೆ ಆಡಿದ ಸೆನಿ, ಗೋಲ್‌ಕೀಪರ್ ಆಗಿದ್ದುಕೊಂಡೇ 131 ಗೋಲು ಹೊಡೆದವರು. ಹೆಚ್ಚುಕಮ್ಮಿ ಎಲ್ಲ ಫ್ರೀಕಿಕ್, ಪೆನಾಲ್ಟಿಗಳಿಂದಲೇ, ಅಂದರೆ ಎದುರಾಳಿ ತಪ್ಪು ಮಾಡಿದಾಗ ಚೆಂಡು ಇಟ್ಟು ಒದೆಯಲು ಸಿಗುವ ಅವಕಾಶಗಳಿಂದ. ಗೋಲು ಬಿಟ್ಟು ಅಷ್ಟು ದೂರ ಹೋದರೆ ಅಪಾಯ ಅಲ್ವಾ? ಅಪಾಯವೇ. ಆದರೆ ಚೆಂಡು ಗೋಲಿನ ಮೇಲಿಂದ ಆಚೆ ಹೋದರೆ ಆಟ ನಿಲ್ಲುತ್ತದೆ, ಎದುರಾಳಿ ಚೆಂಡು ಇಟ್ಟು ಒದೆಯುವಷ್ಟರಲ್ಲಿ ಇವರು ಓಡಿ ವಾಪಸ್ ಬಂದಿರುತ್ತಾರೆ. ಅಡ್ಡ ನಿಂತ ಆಟಗಾರರಿಗೆ ತಗುಲಿ ಚಿಮ್ಮಿದರೆ ಮಾತ್ರ ಕಷ್ಟ.

2017ರಲ್ಲಿ ಅದೇ ಕ್ಲಬ್‌ಗೆ ಕೋಚ್ ಆದರು. ಬೇರೆಲ್ಲೂ ಕೋಚ್ ಆಗಿ ಪಳಗದೆ ಸೀದಾ ಅಷ್ಟು ದೊಡ್ಡ ಕುರ್ಚಿ! ಜುಲೈಗೇ ತೆಗೆದುಹಾಕಿದರು. ಅವರನ್ನು ಉಳಿಸಿದ್ದು ಎರಡನೇ ದರ್ಜೆಯ ಲೀಗ್‌ನಲ್ಲಿದ್ದ ಫೊರ್ಟಲೆಜಾ ಅಂತ ನನಗನ್ನಿಸುತ್ತದೆ. ಅಲ್ಲಿ ಒತ್ತಡ ಕಮ್ಮಿ, ತಂಡ ಕಟ್ಟೋಕೆ ಸಮಯ ಜಾಸ್ತಿ. 2018ರಲ್ಲಿ ಆ ಲೀಗ್ ಗೆಲ್ಲಿಸಿ ತಂಡವನ್ನು ಮೇಲಿನ ದರ್ಜೆಗೆ ತಂದರು.

ಆಮೇಲೆ ಫ್ಲೆಮೆಂಗೊ ಕ್ಲಬ್‌ನ ಕೋಚ್ ಆಗಿ 2020ರ ರಾಷ್ಟ್ರೀಯ ಲೀಗ್ ಗೆದ್ದರು. ಕೊನೆಯ ಪಂದ್ಯ ಇದ್ದದ್ದು ಸಾವೊ ಪಾಲೊ ತಂಡದ ಮೇಲೆ, ಅವರ ಹಳೇ ಮೈದಾನದಲ್ಲೇ. ಅದರಲ್ಲಿ 2-1ರಿಂದ ಸೋತರೂ ಕಪ್ ಸಿಕ್ಕಿತು, ಯಾಕೆಂದರೆ ಅಂಕಪಟ್ಟಿಯಲ್ಲಿ ಹಿಂದೆಯೇ ಇದ್ದ ಇಂಟರ್‌ನಾಸಿಯೊನಾಲ್ ತಂಡ ಕೂಡ ತನ್ನ ಪಂದ್ಯ ಗೆಲ್ಲಲಿಲ್ಲ.