‘ಎಕ್ಸಿಕ್ಯೂಟ್’ ಆದ ಕರಾರು: ಜಮೀನು ಯಾರದು?

ಪ್ರಶ್ನೆ: ನಮ್ಮ ತಂದೆಯವರು ಎರಡು ವರ್ಷಗಳ ಹಿಂದೆ ಒಂದು ಎಕರೆ ಖುಷ್ಕಿ ಜಮೀನು ಕೊಳ್ಳಲು ಮುಂಗಡ ಕೊಟ್ಟು ಕರಾರು ಮಾಡಿಕೊಂಡರು. ಇಂಗ್ಲಿಷಿನಲ್ಲಿರುವ ಆ ಪತ್ರದ ಮೊದಲ ಸಾಲಿನಲ್ಲೇ ‘ಎಕ್ಸಿಕ್ಯೂಟೆಡ್’ ಎಂದಿದೆ. ನಿಘಂಟಿನಲ್ಲಿ ಅದಕ್ಕೆ ‘ಪೂರ್ಣಗೊಳಿಸು’ ಎಂಬ ಅರ್ಥವಿರುವುದರಿಂದ ವ್ಯವಹಾರ ಮುಗಿದಿದೆ ಎಂದು ತಂದೆಯವರು ನಂಬಿದ್ದಾರೆ. ಮಾರುವವರು ಮಾತ್ರ ಕ್ರಯಪತ್ರಕ್ಕೆ ಇಂದು ನಾಳೆ ಎನ್ನುತ್ತಿದ್ದಾರೆ. ಇದೇ ಪದವನ್ನು ಗಲ್ಲುಶಿಕ್ಷೆಗೂ ಬಳಸುತ್ತಾರಲ್ಲ, ಕಾನೂನಿನಲ್ಲಿ ಇದರ ಅರ್ಥವೇನು?
– ಓದುಗರು, ಚಿಂತಾಮಣಿ

ಉತ್ತರ: ನಿಮ್ಮ ತಂದೆಯವರ ನಂಬಿಕೆಗೆ ನಿಘಂಟಿನ ಆಧಾರವಿದೆ, ಕಾನೂನಿನ ಆಧಾರವಿಲ್ಲ. ‘ಕೊನೆಯವರೆಗೆ ಅನುಸರಿಸು’ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಕ್ರಿಯಾಪದ ಏನನ್ನು ಕೊನೆಗಾಣಿಸುತ್ತದೆ ಎಂಬುದು ಅದರ ಜೊತೆಗಿರುವ ನಾಮಪದವನ್ನು ಅವಲಂಬಿಸಿದೆ. ಶಿಕ್ಷೆಯ ಜೊತೆ ಬಂದರೆ ಗಲ್ಲಿಗೇರಿಸುವುದು. ಡಿಕ್ರಿಯ, ಅಂದರೆ ದಾವೆಯಲ್ಲಿ ನ್ಯಾಯಾಲಯ ಕೊಟ್ಟ ತೀರ್ಮಾನದ, ಜೊತೆ ಬಂದರೆ ನಮ್ಮ ನ್ಯಾಯಾಲಯಗಳಲ್ಲಿ ಹೇಳುವ ಅಮಲ್ಜಾರಿ, ಅಂದರೆ ಅದನ್ನು ಜಾರಿಗೊಳಿಸುವುದು. ಪತ್ರದ ಜೊತೆ ಬಂದರೆ ಬರೆದುಕೊಡುವುದು. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯು ಪತ್ರಗಳ ಮಟ್ಟಿಗೆ ‘ಎಕ್ಸಿಕ್ಯೂಟೆಡ್’ ಎಂದರೆ ‘ಸಹಿ ಮಾಡಿದ’ ಎಂದೇ ಅರ್ಥ ಹೇಳಿದೆ. ಆದ್ದರಿಂದ ನಿಮ್ಮ ಕಾಗದದ ಆ ಸಾಲು ಇಂಥ ದಿನ ಈ ಕರಾರಿಗೆ ಸಹಿಯಾಯಿತು ಎಂಬುದನ್ನಷ್ಟೇ ತಿಳಿಸುತ್ತದೆ, ಜಮೀನು ಕೈಬದಲಾಯಿತು ಎಂಬುದನ್ನಲ್ಲ.

ಇದು ಪದದ ಚರ್ಚೆಯಾಗಿಯೇ ಉಳಿಯುವುದಿಲ್ಲ ಎಂಬುದೇ ನನ್ನ ಕಳವಳ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಮಾರಾಟದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೋಂದಾಯಿತ ಕ್ರಯಪತ್ರದಿಂದಲ್ಲದೆ ಬರಿಯ ಕರಾರಿನಿಂದಲೋ ಅಧಿಕಾರಪತ್ರದಿಂದಲೋ (ಪವರ್ ಆಫ್ ಅಟಾರ್ನಿ) ಸ್ಥಿರಾಸ್ತಿಯ ಒಡೆತನ ವರ್ಗಾವಣೆಯಾಗದು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕರಾರಿನಂತೆ ಕ್ರಯಪತ್ರ ಬರೆದುಕೊಡಿಸಬೇಕೆಂದು ದಾವೆ ಹೂಡಲು ನಿಮಗಿರುವ ಅವಧಿ ಮೂರು ವರ್ಷ. ಕರಾರಿನಲ್ಲಿ ಕ್ರಯಪತ್ರಕ್ಕೆ ಗಡುವು ಬರೆದಿದ್ದರೆ ಆ ದಿನದಿಂದ, ಬರೆದಿಲ್ಲದಿದ್ದರೆ ಮಾರುವವರು ಒಲ್ಲೆನೆಂದದ್ದು ನಿಮಗೆ ತಿಳಿದ ದಿನದಿಂದ ಅದನ್ನು ಎಣಿಸಬೇಕು. ಹೀಗಾಗಿ ಬಾಕಿ ಹಣ ಸಿದ್ಧವಿದೆ ಎಂದು ವಕೀಲರ ಮೂಲಕ ಈ ತಿಂಗಳೇ ನೋಟಿಸ್ ಕೊಡಿಸಿರಿ. ಮಾರುವವರ ಸೌಜನ್ಯದ ಮಾತನ್ನು ನೆಚ್ಚಿ ಅವಧಿಯನ್ನು ಕಳೆದುಕೊಳ್ಳಬಾರದು.

ಈ ಪದದ ಎರಡು ಅರ್ಥಗಳು ಒಂದೇ ಕಡೆ ಸೇರುವುದೂ ಇಂಥ ವ್ಯಾಜ್ಯದಲ್ಲಿಯೇ. ದಾವೆ ನಿಮ್ಮಂತಾದ ಮೇಲೂ ಮಾರುವವರು ಸಹಿಗೆ ಬಾರದಿದ್ದರೆ, ಡಿಕ್ರಿಯ ಅಮಲ್ಜಾರಿಗೆಂದು ಅರ್ಜಿ ಹಾಕಿದಾಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 34ನೇ ನಿಯಮದಂತೆ ನ್ಯಾಯಾಲಯವೇ ಅವರ ಪರವಾಗಿ ಕ್ರಯಪತ್ರ ಬರೆದುಕೊಡುತ್ತದೆ. ಅಲ್ಲಿ ಡಿಕ್ರಿ ‘ಎಕ್ಸಿಕ್ಯೂಟ್’ ಆಗುವುದು ಪತ್ರವೊಂದು ‘ಎಕ್ಸಿಕ್ಯೂಟ್’ ಆಗುವುದರ ಮೂಲಕ.

ಸಹಿ ಎಂದೆನಾದರೂ ಒಂದು ಮಾತು ಸೇರಿಸಬೇಕು. ಉಪನೋಂದಣಾಧಿಕಾರಿಗಳು ‘ಇದನ್ನು ನೀವೇ ಬರೆದುಕೊಟ್ಟಿರಾ’ ಎಂದು ಕೇಳುವುದು ಕೇವಲ ಹಸ್ತಾಕ್ಷರದ ಗುರುತಿಗಾಗಿ ಅಲ್ಲ. ಸಹಿ ನನ್ನದೆಂದು ಒಪ್ಪಿದ ಮಾತ್ರಕ್ಕೆ ಪತ್ರವನ್ನು ಬರೆದುಕೊಟ್ಟದ್ದನ್ನು ಒಪ್ಪಿದಂತಾಗುವುದಿಲ್ಲ, ಒಳಗೇನಿದೆ ಎಂದು ತಿಳಿದು ಸಮ್ಮತಿಸಿ ಸಹಿ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ವೀಣಾ ಸಿಂಗ್ ಪ್ರಕರಣದಲ್ಲಿ ಹೇಳಿತು. ಇಂಗ್ಲಿಷ್ ಬಾರದ ರೈತರಿಂದ ಇಂಗ್ಲಿಷ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ರೂಢಿ ಇರುವ ಕಡೆ ಈ ತೀರ್ಪು ಬಹಳ ದೊಡ್ಡದೆಂದು ನಾನು ಭಾವಿಸುತ್ತೇನೆ. ನಿಮ್ಮ ಕ್ರಯಪತ್ರವನ್ನಾದರೂ ಕನ್ನಡದಲ್ಲಿ ಬರೆಸಿರಿ. ಸಹಿಯಾದ ನಾಲ್ಕು ತಿಂಗಳೊಳಗೆ ಅದನ್ನು ನೋಂದಣಿಗೆ ಹಾಜರುಪಡಿಸಬೇಕು. ನೋಂದಣಿ ಎಂದೇ ಆಗಲಿ, ಪತ್ರ ಜಾರಿಗೆ ಬರುವುದು ಸಾಮಾನ್ಯವಾಗಿ ಬರೆದುಕೊಟ್ಟ ದಿನದಿಂದಲೇ.

ಪ್ರಶ್ನೆ: ನಮ್ಮ ಅಜ್ಜಿಯವರ ವಿಲ್‌ನಲ್ಲಿ ನನ್ನ ಸೋದರಮಾವನವರನ್ನು ‘ಎಕ್ಸಿಕ್ಯೂಟರ್’ ಎಂದು ಕರೆದಿದೆ. ಹಾಗಾದರೆ ವಿಲ್ ಬರೆದವರು ಅವರೇ ಎಂದಾಗುತ್ತದೆಯೇ?
– ಓದುಗರು, ಶಿರಾ

ಉತ್ತರ: ಇಲ್ಲ. ವಿಲ್ ಬರೆದವರು ನಿಮ್ಮ ಅಜ್ಜಿಯವರೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಅವರು ಸಹಿ ಅಥವಾ ಗುರುತು ಹಾಕಿ, ಕನಿಷ್ಠ ಇಬ್ಬರು ಸಾಕ್ಷಿಗಳು ದೃಢೀಕರಿಸಿದಾಗ ವಿಲ್ ‘ಎಕ್ಸಿಕ್ಯೂಟ್’ ಆಯಿತು. ಅವರ ಕಾಲಾನಂತರ ಅದರಲ್ಲಿರುವುದನ್ನು ನಡೆಸಿಕೊಡಲು ಅವರೇ ನೇಮಿಸಿದ ವ್ಯಕ್ತಿ ‘ಎಕ್ಸಿಕ್ಯೂಟರ್’. ಸಾಲಗಳನ್ನು ತೀರಿಸಿ ಉಳಿದದ್ದನ್ನು ವಿಲ್‌ನಲ್ಲಿ ಹೇಳಿದವರಿಗೆ ಹಂಚುವುದು ನಿಮ್ಮ ಮಾವನವರ ಹೊಣೆ. ಆ ಹೆಸರಿನಿಂದಲೇ ಅವರಿಗೆ ಆಸ್ತಿಯಲ್ಲಿ ಸ್ವಂತ ಪಾಲು ಹುಟ್ಟುವುದಿಲ್ಲ. ಪಾಲು ಇದ್ದರೆ ಅದನ್ನು ವಿಲ್‌ನಲ್ಲಿ ಬೇರೆಯಾಗಿ ಬರೆದಿರಬೇಕು.