‘ಹೆಂಡತಿಯನ್ನು ಅರ್ಪಿಸಲು ಅವನು ಯಾರು?’: ಓದುಗರಿಗೆ ಸಂಪಾದಕರ ಉತ್ತರ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಅಮೆರಿಕದ ಕ್ರೈಸ್ತ ಗಾಯಕ ಕೀತ್ ಗ್ರೀನ್ ಬಗ್ಗೆ ಬರೆದಿದ್ದೀರಿ. ಮನೆ ಅಡವಿಟ್ಟು ಹಾಡು ಮಾಡಿಸಿ, ದುಡ್ಡಿಲ್ಲದವರಿಗೆ ಪುಕ್ಕಟೆ ಹಂಚಿದ ಎಂದು ಹೊಗಳಿದ್ದೀರಿ. ನನ್ನ ಯಜಮಾನರೂ ಹಾಡು ಕಟ್ಟಿ ಹಾಡುವವರು. ಆ ಲೇಖನವನ್ನು ನನಗೆ ಎರಡು ಸಲ ಓದಿ ಹೇಳಿದರು. ಹೋದ ತಿಂಗಳು ರೆಕಾರ್ಡಿಂಗಿಗೆಂದು ನನ್ನ ಬಳೆ ಒತ್ತೆ ಇಟ್ಟಿದ್ದಾರೆ, ನನ್ನನ್ನು ಕೇಳಿರಲಿಲ್ಲ. ತಿಂಗಳಲ್ಲಿ ಮೂರು ವಾರ ಕೂಟಗಳೆಂದು ಊರೂರು ಸುತ್ತುತ್ತಾರೆ. ಸುವಾರ್ತೆಗಾಗಿ ಹೆಂಡತಿಯನ್ನೂ ಮಗನನ್ನೂ ಅರ್ಪಿಸುತ್ತೇನೆಂದು ಆ ಗಾಯಕ ಹಾಡಿದ್ದಾನಂತೆ. ಅರ್ಪಿಸಲು ಅವನು ಯಾರು? ಆಕೆಯನ್ನು ಯಾರಾದರೂ ಒಂದು ಮಾತು ಕೇಳಿದರೆ?”

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿದ ಮೇಲೆ ಆ ಲೇಖನವನ್ನು ಮತ್ತೆ ತೆಗೆದು ನೋಡಿದೆ. ಬರೆದವನು ನಾನೇ. ನಾಲ್ಕು ಪುಟಗಳಲ್ಲಿ ಕೀತ್‌ನ ಹೆಂಡತಿ ಮೆಲೊಡಿ ಗ್ರೀನ್ ಹೆಸರು ಎರಡೇ ಕಡೆ ಬಂದಿದೆ: ಮದುವೆಯಾದಾಗ ಒಮ್ಮೆ, ವಿಧವೆಯಾದಾಗ ಇನ್ನೊಮ್ಮೆ. ನಡುವಿನ ಎಂಟೂವರೆ ವರ್ಷ ಆಕೆ ಎಲ್ಲಿದ್ದಳು ಎಂದು ನಾನು ಬರೆಯಲೇ ಇಲ್ಲ. ಅರ್ಧ ಕತೆ ಹೇಳಿ, ಆ ಅರ್ಧವನ್ನೇ ನಿಮ್ಮ ಯಜಮಾನರ ಕೈಗೆ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುವುದು ನಿಮಗೆ ನಾನು ತೀರಿಸಬೇಕಾದ ಸಾಲ.

ಕೀತ್ ಹುಟ್ಟಿದ್ದು 1953ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಹನ್ನೊಂದನೇ ವಯಸ್ಸಿಗೇ ಡೆಕ್ಕಾ ಎಂಬ ದೊಡ್ಡ ರೆಕಾರ್ಡ್ ಕಂಪನಿ ಅವನೊಂದಿಗೆ ಒಪ್ಪಂದ ಮಾಡಿಕೊಂಡಿತ್ತು, ಆದರೆ ಅಂದುಕೊಂಡ ಹೆಸರು ಬರಲಿಲ್ಲ. 1973ರ ಕ್ರಿಸ್ಮಸ್ ದಿನ ಆತ ಮೆಲೊಡಿಯನ್ನು ಮದುವೆಯಾದ. ಆಕೆ ಯೆಹೂದಿ ಮನೆತನದ ಹುಡುಗಿ. ಆಗ ಇಬ್ಬರೂ ಕ್ರೈಸ್ತರಲ್ಲ, ದಾರಿ ಹುಡುಕುತ್ತಿದ್ದವರು. ಇಬ್ಬರಿಗೂ ಒಂದೇ ಕೆಲಸ: ಸಿಬಿಎಸ್ ಎಂಬ ಸಂಗೀತ ಕಂಪನಿಗೆ ಹಾಡು ಬರೆಯುವುದು. ಅಂದರೆ ಮೆಲೊಡಿ ಹಾಡುಗಾರನ ಹೆಂಡತಿ ಮಾತ್ರ ಅಲ್ಲ, ತಾನೂ ಹಾಡು ಕಟ್ಟುವವಳು. ನನ್ನ ಲೇಖನದಲ್ಲಿ ಬಿಟ್ಟುಹೋದ ಮೊದಲ ಮಾತು ಇದು.

1975ರಲ್ಲಿ ಇಬ್ಬರೂ ಕ್ರಿಸ್ತನನ್ನು ನಂಬಿದರು. ಆ ನಂಬಿಕೆ ಮೊದಲು ಇಳಿದದ್ದು ವೇದಿಕೆಗಲ್ಲ, ಅವರ ಅಡುಗೆಮನೆಗೆ. ಲಾಸ್ ಏಂಜಲೀಸ್ ಹತ್ತಿರದ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಅವರದೊಂದು ಚಿಕ್ಕ ಮನೆ. ಮಾದಕವಸ್ತು ಬಿಡಬೇಕೆಂದವರನ್ನು, ಬೀದಿಯಲ್ಲಿ ಮಲಗುತ್ತಿದ್ದವರನ್ನು ಆ ಮನೆಗೇ ಕರೆದುಕೊಂಡರು. ಜಾಗ ಸಾಲದಾದಾಗ ಪಕ್ಕದ ಮನೆ ಕೊಂಡರು. ಅದೂ ಸಾಲದೆ ಅದೇ ಬಡಾವಣೆಯಲ್ಲಿ ಇನ್ನೂ ಐದು ಮನೆ ಬಾಡಿಗೆಗೆ ಹಿಡಿದರು. ಲಾಸ್ಟ್ ಡೇಸ್ ಮಿನಿಸ್ಟ್ರೀಸ್ ಎಂಬ ಸೇವೆ ಬೆಳೆದದ್ದು ಈ ಏಳು ಮನೆಗಳಿಂದ. ಏಳು ಮನೆಯ ಜನ ಅಂದರೆ ಎಷ್ಟು ಅಕ್ಕಿ, ಎಷ್ಟು ಹಾಸಿಗೆ, ಎಷ್ಟು ಜಗಳ ಎಂದು ನಿಮಗೆ ಹೇಳಬೇಕಿಲ್ಲ. ಗಂಡ ಊರಿನಿಂದ ಊರಿಗೆ ಹಾಡಲು ಹೋದಾಗ ಆ ಬಾಗಿಲುಗಳು ಮುಚ್ಚಿಕೊಳ್ಳುತ್ತಿರಲಿಲ್ಲ.

ಈಗ ಹಾಡಿನ ಮಾತು. ಕೀತ್‌ನ ಮೊದಲ ಆಲ್ಬಮ್ ಬಂದದ್ದು 1977ರಲ್ಲಿ. ಅದರಲ್ಲಿ ‘ಮೇಕ್ ಮೈ ಲೈಫ್ ಎ ಪ್ರೇಯರ್ ಟು ಯು’ ಎಂಬ ಹಾಡಿದೆ. ನನ್ನ ಬದುಕೇ ನಿನಗೊಂದು ಪ್ರಾರ್ಥನೆಯಾಗಲಿ ಎಂದು ಅದರ ಭಾವ. ಕಂಠ ಅವನದು, ಆದ್ದರಿಂದ ಮಾತೂ ಅವನದೇ ಎಂದುಕೊಂಡವರೇ ಹೆಚ್ಚು. ನಾನೂ ವರ್ಷಗಟ್ಟಲೆ ಹಾಗೇ ತಿಳಿದಿದ್ದೆ. ಬರೆದವಳು ಮೆಲೊಡಿ.

ನೀವು ಕೇಳಿದ ಹಾಡು, ‘ಪ್ಲೆಡ್ಜ್ ಮೈ ಹೆಡ್ ಟು ಹೆವನ್’, ಬಂದದ್ದು 1980ರಲ್ಲಿ. ಅಮೆರಿಕದ ಹೆಸರಾಂತ ಗಾಯಕ ಬಾಬ್ ಡಿಲನ್ ಮೌತ್ ಆರ್ಗನ್ ನುಡಿಸಿದ್ದು ಈ ಹಾಡಿಗೇ. ಕೀತ್ ಮೊದಲು ತನ್ನ ತಲೆಯನ್ನು ಒಪ್ಪಿಸುತ್ತಾನೆ, ಆಮೇಲೆ ಹೆಂಡತಿಯನ್ನು, ಆಮೇಲೆ ಮಗನನ್ನು. ಹೆಂಡತಿಯ ಮೇಲಿನ ಪ್ರೀತಿ ದಿನೇ ದಿನೇ ಬೆಳೆಯುತ್ತಲೇ ಇದೆ ಎಂದು ಹಾಡುತ್ತಾನೆ. ನನ್ನ ಆತ್ಮವನ್ನು ಉಳಿಸಿದವನಿಗಿಂತ ನಿನ್ನನ್ನು ಹೆಚ್ಚಾಗಿ ಪ್ರೀತಿಸಲಾರೆ ಎಂದು ಮದುವೆಯಾಗುವಾಗಲೇ ಅವಳಿಗೆ ಹೇಳಿದ್ದೆ ಎಂಬ ಸಾಲೂ ಇದೆ. ಆ ಹಾಡಿನಲ್ಲಿ ಸುಳ್ಳು ಭಕ್ತಿ ನನಗೆ ಕಾಣುವುದಿಲ್ಲ. ಆದರೂ ನಿಮ್ಮ ಪ್ರಶ್ನೆ ಸರಿಯಾಗಿದೆ. ಹೇಳುವುದು ಬೇರೆ, ಕೇಳುವುದು ಬೇರೆ. ತನ್ನ ತಲೆಯನ್ನು ಮನುಷ್ಯ ತಾನು ಒಪ್ಪಿಸಬಹುದು. ಇನ್ನೊಬ್ಬರನ್ನು ಒಪ್ಪಿಸುವ ಮಾತು ಅವರ ಬಾಯಿಂದಲೇ ಬರಬೇಕು. ಮೆಲೊಡಿಯ ವಿಷಯದಲ್ಲಿ ಅದು ಬಂದಿತ್ತು. ಗಂಡ ಆಕೆಯನ್ನು ಹಾಡಿನಲ್ಲಿ ಅರ್ಪಿಸುವುದಕ್ಕೆ ಮೂರು ವರ್ಷ ಮೊದಲೇ ಆಕೆ ತನ್ನ ಬದುಕನ್ನು ತಾನೇ, ತನ್ನದೇ ಮಾತಿನಲ್ಲಿ, ಪ್ರಾರ್ಥನೆಯಾಗಿ ಕೊಟ್ಟಾಗಿತ್ತು. ಇದನ್ನು ನಾನು ಆ ಲೇಖನದಲ್ಲೇ ಬರೆಯಬೇಕಿತ್ತು.

ಮನೆ ಅಡವಿಟ್ಟ ಸಂಗತಿಯೂ ಹಾಗೆಯೇ. ಹಾಡಿಗೆ ಬೆಲೆ ಕಟ್ಟುವುದು ಬೇಡ ಎನ್ನಿಸಿ ಕೀತ್ ತನ್ನ ಹಾಡುಗಳನ್ನು ಹೊರತರುತ್ತಿದ್ದ ಸ್ಪ್ಯಾರೋ ಕಂಪನಿಯ ಒಪ್ಪಂದದಿಂದ ಬಿಡುಗಡೆ ಕೇಳಿದ, ಅವರು ಬಿಟ್ಟುಕೊಟ್ಟರು. 1980ರ ಆಲ್ಬಮ್‌ಗೆ ಹಣ ಹೊಂದಿಸಲು ಮನೆ ಅಡವಿಟ್ಟದ್ದು ಕೀತ್ ಒಬ್ಬನೇ ಅಲ್ಲ, ಗಂಡಹೆಂಡತಿ ಇಬ್ಬರೂ. ಕೈಲಾದಷ್ಟು ಕೊಟ್ಟು ತೆಗೆದುಕೊಳ್ಳಿ ಎಂದು ಹಂಚಿದರು. 1982ರ ಮೇ ಹೊತ್ತಿಗೆ 2,00,000ಕ್ಕೂ ಹೆಚ್ಚು ಪ್ರತಿಗಳು ಹೋಗಿದ್ದವು, ಅದರಲ್ಲಿ 61,000 ಪುಕ್ಕಟೆ. ‘ಇಟ್ಟನು’ ಎಂದು ನಾನು ಬರೆದೆ. ‘ಇಟ್ಟರು’ ಎಂದಿರಬೇಕಿತ್ತು. ಆ ಒಂದು ಅಕ್ಷರ ನಿಮ್ಮ ಬಳೆಯ ತನಕ ಬಂದಿತೆಂದು ನೆನೆದರೆ ನನಗೆ ನೋವಾಗುತ್ತದೆ.

ಮುಂದಿನದನ್ನು ಬರೆಯುವುದು ಕಷ್ಟ, ಬಿಡುವಂತೆಯೂ ಇಲ್ಲ. 1979ರಲ್ಲಿ ಅವರ ಸೇವೆ ಟೆಕ್ಸಾಸ್‌ನ ಲಿಂಡೇಲ್ ಕಡೆಗೆ ಸ್ಥಳಾಂತರವಾಗಿತ್ತು. 1982ರ ಜುಲೈ 28ರಂದು ಅತಿಥಿಗಳಾಗಿ ಬಂದಿದ್ದ ಒಂದು ಕುಟುಂಬಕ್ಕೆ ಆ ಜಾಗವನ್ನು ಮೇಲಿನಿಂದ ತೋರಿಸಲು ಕೀತ್ ಸಣ್ಣ ವಿಮಾನ ಹತ್ತಿದ. ಜೊತೆಯಲ್ಲಿ ಮೂರು ವರ್ಷದ ಮಗ ಜೋಸಾಯ, ಎರಡು ವರ್ಷದ ಮಗಳು ಬೆಥನಿ. ಅತಿಥಿ ದಂಪತಿ, ಅವರ ಆರು ಮಕ್ಕಳು, ಪೈಲಟ್ ಸೇರಿ ಒಟ್ಟು ಹನ್ನೆರಡು ಜನ. ವಿಮಾನ ಹೊರಬಹುದಾದದ್ದಕ್ಕಿಂತ ಹೆಚ್ಚಿನ ಭಾರ. ಏರಿದ ಸ್ವಲ್ಪ ಹೊತ್ತಿಗೇ ಬಿತ್ತು, ಯಾರೂ ಉಳಿಯಲಿಲ್ಲ. ಕೀತ್‌ಗೆ ಆಗ 28 ವರ್ಷ. ಮೆಲೊಡಿಯ ಬಳಿ ಉಳಿದವಳು ಒಂದು ವರ್ಷದ ರೆಬೆಕ್ಕ. ಆಕೆ ಮತ್ತೆ ಬಸುರಿ. ಮರುವರ್ಷ ಮಾರ್ಚಿನಲ್ಲಿ ರೇಚಲ್ ಹುಟ್ಟಿದಳು.

ಇದನ್ನು ಕೆಲವರು ‘ಅರ್ಪಿಸಿದ್ದನ್ನು ದೇವರು ತೆಗೆದುಕೊಂಡರು’ ಎಂದು ಸಾಕ್ಷಿ ಹೇಳುವುದನ್ನು ಕೇಳಿದ್ದೇನೆ. ನಾನು ಹಾಗೆ ಹೇಳಲಾರೆ. ವಿಮಾನಕ್ಕೆ ಹೆಚ್ಚು ಜನ ಹತ್ತಿದ್ದರು. ಎಳೆಯ ಮಕ್ಕಳ ಸಾವಿಗೆ ಹಾಡಿನ ಸಾಲನ್ನು ಕಾರಣವಾಗಿ ಜೋಡಿಸುವುದು ಆ ತಾಯಿಗೆ ಮಾಡುವ ಅನ್ಯಾಯ, ದೇವರಿಗೂ.

ಮೆಲೊಡಿ ಏನು ಮಾಡಿದಳು? ಬಸುರಿಯಾಗಿದ್ದಾಗಲೇ ಸೇವೆಯ ಹೊಣೆ ಹೊತ್ತಳು. ಗಂಡನ ನೆನಪಿನ ಸಭೆಗಳಲ್ಲಿ ನಿಂತು ಮಾತನಾಡಿದಳು. ಆಕೆ ಬರೆದ ‘ದೇರ್ ಈಸ್ ಎ ರಿಡೀಮರ್’ ಇಂದಿಗೂ ಲೋಕದ ಎಷ್ಟೋ ಸಭೆಗಳ ಬಾಯಲ್ಲಿದೆ. ಬೆಂಗಳೂರಿನ ಇಂಗ್ಲಿಷ್ ಆರಾಧನೆಯಲ್ಲಿ ನಾನೇ ಎದ್ದು ನಿಂತು ಹಾಡಿದ್ದೇನೆ, ಯಾರ ಹಾಡೆಂದು ತಿಳಿಯದೆ.

ನನ್ನ ಮನೆಯ ಒಂದು ಮಾತು ಹೇಳಲೇ? ನಮ್ಮ ತಂದೆ ಉಪದೇಶಿಯಾಗಿದ್ದರು. ಹಾರ್ಮೋನಿಯಂ ಹೆಗಲಿಗೇರಿಸಿ ಹಳ್ಳಿಹಳ್ಳಿ ಹೋಗುವರು. ಅವರ ಕೀರ್ತನೆಗಳನ್ನು ಜನ ಈಗಲೂ ನೆನೆಯುತ್ತಾರೆ. ಅವರು ಬರುವವರೆಗೆ ತಾಯಿ ಅಂಗಡಿಯವನ ಹತ್ತಿರ ಕಡ ಹೇಳಿ ಜೋಳ ತರುತ್ತಿದ್ದಳು. ಕಡದ ಪುಸ್ತಕದಲ್ಲಿ ಅವಳ ಹೆಸರಿತ್ತು, ಕೀರ್ತನೆಯ ಪುಸ್ತಕದಲ್ಲಿ ಇರಲಿಲ್ಲ. ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರದಿದ್ದದ್ದು ಇದಕ್ಕೆ.

ಬಳೆಯ ವಿಷಯ. ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯವನ್ನು ನಿಮ್ಮ ಯಜಮಾನರೊಂದಿಗೆ ಕೂತು ಓದಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ದೇವರಿಗೆ ಮೀಸಲು, ಎಂದುಬಿಟ್ಟು ಕೈ ತೊಳೆದುಕೊಳ್ಳುವವರನ್ನು ಯೇಸು ಅಲ್ಲಿ ಗದರಿಸುತ್ತಾನೆ. ಹೆಂಡತಿಯ ಬಳೆಗೂ ಅದು ಸಲ್ಲುತ್ತದೆ ಎಂಬುದು ನನ್ನ ನಂಬಿಕೆ. ಯಜಮಾನರಿಗೆ ನಾನು ನೇರವಾಗಿ ಹೇಳುತ್ತೇನೆ: ಸಹೋದರರೇ, ಮೊದಲು ಆ ಬಳೆ ಬಿಡಿಸಿಕೊಡಿ. ಇನ್ನೆರಡು ಕೂಟದ ಕಾಣಿಕೆ ಕವರು ನೇರ ಮನೆಯವರ ಕೈಗೆ ಹೋಗಲಿ. ರೆಕಾರ್ಡಿಂಗ್ ಆರು ತಿಂಗಳು ತಡವಾದರೆ ಸುವಾರ್ತೆ ನಿಲ್ಲುವುದಿಲ್ಲ. ಮುಂದೆ ಏನಾದರೂ ಅಡವಿಡಬೇಕಾಗಿ ಬಂದರೆ, ಅದಕ್ಕೆ ಮೊದಲು ಅವರನ್ನು ಕೂಡಿಸಿಕೊಂಡು ಕೇಳಿ. ‘ಬೇಡ’ ಎಂದರೆ ಆ ಮಾತಿಗೆ ನಿಲ್ಲಿ.

ಸಹೋದರಿ, ನಿಮ್ಮ ಪತ್ರದ ಕೊನೆಗೆ, ಹಾಳೆಯ ಅಂಚಿನಲ್ಲಿ, ಸಣ್ಣಕ್ಷರದಲ್ಲಿ ಒಂದು ಸಾಲಿತ್ತು. ಅವರು ಎಲ್ಲ ಕೂಟಗಳಲ್ಲಿ ಹಾಡುವ ಹಾಡಿನ ಎರಡನೇ ಚರಣ ನನ್ನದು ಎಂದು ಬರೆದಿದ್ದೀರಿ. ಆ ಹಾಡನ್ನು ಪೂರ್ತಿ ಬರೆದು ನಮಗೆ ಕಳಿಸಿ. ಇಬ್ಬರ ಹೆಸರೂ ಇರಲಿ, ಯಾವ ಚರಣ ಯಾರದೆಂದೂ ಇರಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪುಟ ತೆಗೆದಿಟ್ಟಿದ್ದೇನೆ.

ನಿಮ್ಮ ಸಹೋದರ,
ಸಂಪಾದಕ