ಕಂಟೇನರ್‌ಗೆ ಎಸ್‌ಎಸ್‌ಎಚ್ ಬೇಕೇ?

ಪ್ರಶ್ನೆ: ನಮ್ಮ ಸರ್ವರ್‌ಗಳನ್ನೆಲ್ಲ ಆನ್ಸಿಬಲ್ ಎಂಬ ಸ್ವಯಂಚಾಲನಾ ಉಪಕರಣದ ಮೂಲಕ ಸಜ್ಜುಗೊಳಿಸುತ್ತೇನೆ. ಅದೇ ಪ್ಲೇಬುಕ್ಕನ್ನು (ಮಾಡಬೇಕಾದ ಕೆಲಸಗಳ ಕಡತವನ್ನು) ಡಾಕರ್ ಕಂಟೇನರಿನ (ಪ್ರೋಗ್ರಾಮು ಓಡಲು ಪ್ರತ್ಯೇಕಿಸಿಟ್ಟ ಪರಿಸರದ) ಮೇಲೆ ಓಡಿಸಹೋದರೆ ಸಂಪರ್ಕವೇ ಸಿಗುವುದಿಲ್ಲ. ಕಂಟೇನರಿನೊಳಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಸರ್ವರ್ ಹಾಕಬೇಕೆ?

ಉತ್ತರ: ಬೇಡ. ಎಸ್‌ಎಸ್‌ಎಚ್ ಎಂಬುದು ಆನ್ಸಿಬಲ್‌ನ ರೂಢಿಯ ದಾರಿಯೇ ಹೊರತು ಏಕೈಕ ದಾರಿಯಲ್ಲ. ಯಂತ್ರಗಳ ಪಟ್ಟಿಯಾದ ಇನ್ವೆಂಟರಿ ಕಡತದಲ್ಲಿ ಚಾಲನೆಯಲ್ಲಿರುವ ಕಂಟೇನರಿನ ಹೆಸರನ್ನು ಬರೆದು, ಸಂಪರ್ಕದ ಬಗೆಯನ್ನು ‘ಡಾಕರ್’ ಎಂದು ನಮೂದಿಸಿದರೆ, ಆನ್ಸಿಬಲ್ ಜಾಲದ ಮೂಲಕ ಲಾಗಿನ್ ಆಗುವ ಬದಲು, ನೀವು ಕೈಯಾರೆ ‘ಡಾಕರ್ ಎಕ್ಸೆಕ್’ ಆದೇಶ ಕೊಟ್ಟು ಒಳಹೋಗುವಂತೆಯೇ ಒಳಹೊಕ್ಕು ಕೆಲಸ ಮುಗಿಸುತ್ತದೆ. ಇದಕ್ಕೆ ಆನ್ಸಿಬಲ್‌ನ ಡಾಕರ್ ಕಲೆಕ್ಷನ್ (ಹೆಚ್ಚುವರಿ ಭಾಗಗಳ ಕಟ್ಟು) ಮತ್ತು ಡಾಕರ್ ಆದೇಶ ಎರಡೂ ನಿಮ್ಮ ಯಂತ್ರದಲ್ಲಿರಬೇಕು.

ಹೊಸಬರು ಮುಗ್ಗರಿಸುವುದು ಮುಂದಿನ ಹೆಜ್ಜೆಯಲ್ಲಿ. ಆನ್ಸಿಬಲ್‌ನ ಬಹುಪಾಲು ಮಾಡ್ಯೂಲ್‌ಗಳಿಗೆ (ಒಂದೊಂದು ಕೆಲಸ ಮಾಡುವ ಪುಟ್ಟ ಪ್ರೋಗ್ರಾಮುಗಳಿಗೆ) ಕಂಟೇನರಿನೊಳಗೂ ಪೈಥಾನ್ ಬೇಕು. ಆಲ್ಪೈನ್‌ನಂತಹ ಪುಟ್ಟ ಲಿನಕ್ಸ್ ಇಮೇಜಿನಲ್ಲಿ (ಕಂಟೇನರಿನ ಅಚ್ಚಿನಲ್ಲಿ) ಅದು ಇರುವುದಿಲ್ಲವಾದ್ದರಿಂದ ಸಂಪರ್ಕವನ್ನಷ್ಟೇ ಪರೀಕ್ಷಿಸುವ ಬಡಪಾಯಿ ಪಿಂಗ್ ಮಾಡ್ಯೂಲ್ ಕೂಡ ಸೋಲುತ್ತದೆ. ಪೈಥಾನ್ ಬೇಡದ ‘ರಾ’ ಮಾಡ್ಯೂಲಿನಿಂದ ಮೊದಲು ‘ಎಪಿಕೆ ಆ್ಯಡ್ ಪೈಥಾನ್3’ ಎಂಬ ಅನುಸ್ಥಾಪನಾ ಆದೇಶವನ್ನು ಓಡಿಸಿ; ಪ್ಲೇಬುಕ್ಕಿನ ಆ ಭಾಗದಲ್ಲಿ (ಪ್ಲೇಯಲ್ಲಿ) ಫ್ಯಾಕ್ಟ್‌ಗಳ (ಯಂತ್ರದ ವಿವರಗಳ) ಸಂಗ್ರಹವನ್ನು ನಿಲ್ಲಿಸಿಡುವುದನ್ನು ಮರೆಯಬೇಡಿ.

ಆದರೂ ಹೀಗೆ ತೇಪೆ ಹಾಕುವುದನ್ನು ಪ್ರಯೋಗಕ್ಕಷ್ಟೇ ಇಟ್ಟುಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ, ಏಕೆಂದರೆ ಕಂಟೇನರನ್ನು ಅಳಿಸಿ ಹೊಸದಾಗಿ ಎಬ್ಬಿಸಿದೊಡನೆ ಈ ಬದಲಾವಣೆಗಳು ಮಾಯವಾಗುತ್ತವೆ. ಕಾಯಂ ಬೇಕಾದುದನ್ನು, ಇಮೇಜನ್ನು ಕಟ್ಟುವ ಸೂಚನೆಗಳಿರುವ ಡಾಕರ್‌ಫೈಲಿನಲ್ಲಿಯೇ ಬರೆಯಿರಿ.